ಸೀಸದ ಹೇರು: ಹೊಣೆ ಎಲ್ಲಿಗೆ ಮುಗಿಯುತ್ತದೆ?

ಸೀಸ ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ತೂಗುವ ಲೋಹ. ಅಗೆಯುವುದು ಒಂದು ಕಷ್ಟ, ಕರಗಿಸುವುದು ಇನ್ನೊಂದು. ರೈಲು ಬರುವ ಮುಂಚೆ ಇವೆರಡಕ್ಕೂ ಸರಿಸಮನಾದ ಮೂರನೆಯ ಕಷ್ಟವೊಂದಿತ್ತು, ಸಾಗಿಸುವುದು. ಇಂಗ್ಲೆಂಡಿನ ಉತ್ತರ ಪೆನೈನ್ ಬೆಟ್ಟಸಾಲಿನ ಆಲ್‌ಸ್ಟನ್, ವಿಯರ್‌ಡೇಲ್, ಟೀಸ್‌ಡೇಲ್, ಆಲೆಂಡೇಲ್ ಪ್ರದೇಶಗಳು ಹದಿನೆಂಟನೆಯ ಶತಮಾನದಲ್ಲಿ ಸೀಸದ ದೊಡ್ಡ ನೆಲೆಗಳು. ದೋಣಿ ನಡೆಯುವಂಥ ಹೊಳೆ ಅಲ್ಲಿಲ್ಲ. ಕಾಲುವೆ ತೋಡೋಣವೆಂದರೆ ಸಮತಟ್ಟು ನೆಲವಿಲ್ಲ. ನೆಂಟ್‌ಹೆಡ್ ಎಂಬ ಗಣಿಯೂರು ಇರುವುದೇ ಸಮುದ್ರಮಟ್ಟದಿಂದ 1,400 ಅಡಿ ಮೇಲೆ. ಲೋಹ ಹಡಗು ಹತ್ತುತ್ತಿದ್ದ ನ್ಯೂಕಾಸಲ್ ಅಲ್ಲಿಂದ ನಲವತ್ತು ಮೈಲಿ ಆಚೆ. ನಡುವಿನ ಹಾದಿಯೆಲ್ಲ ಕುದುರೆಗಳ ಬೆನ್ನ ಮೇಲೆ.

ಈ ಹಾದಿ ಎತ್ತುವ ಪ್ರಶ್ನೆ ಬರೀ ಬಾಡಿಗೆಯ ಲೆಕ್ಕದ್ದಲ್ಲ. ಒಂದು ಗಟ್ಟಿ ಸೀಸ ಗಣಿಯಿಂದ ಹೊರಟು ಮನೆಯ ಮಾಡು ಸೇರುವಷ್ಟರಲ್ಲಿ ಗಣಿಯಾಳು, ಹೇರಿನವ, ಕುಲುಮೆಯವ, ಮತ್ತೊಬ್ಬ ಹೇರಿನವ, ವ್ಯಾಪಾರಿ ಹೀಗೆ ಹಲವರ ಕೈ ದಾಟುತ್ತದೆ. ಕೈ ಬದಲಾದ ಕಡೆಯಲ್ಲೆಲ್ಲ ದುಡ್ಡು ಸಂದಾಯವಾಗಿ ಲೆಕ್ಕ ಚುಕ್ತವಾಗುತ್ತದೆ. ಹೊಣೆಯೂ ಅಲ್ಲಿಗೇ ಚುಕ್ತವೇ? ಹಾದಿಯಲ್ಲಿ ಸೊರಗಿದ ಕುದುರೆ, ವಿಷವೇರಿದ ಹುಲ್ಲು, ಕೊನೆಗೆ ಆ ಸೀಸ ಗುಂಡಾಗಿ ಹೊಕ್ಕ ದೇಹ, ಇವು ಯಾರ ಖಾತೆಗೆ ಸೇರಬೇಕು? ಎಲ್ಲ ಕಾಲದ ವ್ಯಾಪಾರಕ್ಕೂ ಈ ಪ್ರಶ್ನೆ ಸಲ್ಲುತ್ತದೆ, ನಿಜ. ಪೆನೈನ್ ಸೀಸದ ವಿಷಯದಲ್ಲಿ ಅದಕ್ಕೆ ಹೆಚ್ಚಿನ ಮೊನೆ ಬರಲು ಕಾರಣವಿದೆ: ಅಲ್ಲಿನ ವ್ಯವಹಾರದ ದೊಡ್ಡ ಪಾಲನ್ನು ನಡೆಸಿದವರು ಅಂತಃಸಾಕ್ಷಿಯನ್ನೇ ಧರ್ಮದ ತಿರುಳೆಂದು ನಂಬಿದವರು.

ಅವರು ನಡೆಸಿದ ಸಂಸ್ಥೆ 1692ರಲ್ಲಿ ರಾಜಸನ್ನದು ಪಡೆಯಿತು. ಕಲ್ಲಿದ್ದಲ ಉರಿಯಲ್ಲಿ ಸೀಸ ಕರಗಿಸುವ ಕಂಪನಿ ಎಂಬರ್ಥದ ಉದ್ದನೆಯ ಹೆಸರು ಅದಕ್ಕಿತ್ತು. ರೂಢಿಯಲ್ಲಿ ಅದು ಲಂಡನ್ ಲೆಡ್ ಕಂಪನಿ. ಜನರ ಬಾಯಲ್ಲಿ ಕ್ವೇಕರ್ ಕಂಪನಿ. ಹದಿನೇಳನೆಯ ಶತಮಾನದ ನಡುವೆ ಜಾರ್ಜ್ ಫಾಕ್ಸ್ ಕಟ್ಟಿದ ಕ್ವೇಕರ್ ಪಂಥದಲ್ಲಿ ಪುರೋಹಿತನಿಲ್ಲ, ಸಂಸ್ಕಾರವಿಧಿಗಳಿಲ್ಲ. ಪ್ರತಿಯೊಬ್ಬರ ಒಳಗೂ ದೇವರ ಬೆಳಕಿದೆ, ಮೌನವಾಗಿ ಕೂತು ಅದಕ್ಕೆ ಕಿವಿಗೊಡಬೇಕು ಎಂಬುದು ಅವರ ನಂಬಿಕೆ. ಅದರಿಂದ ಹೊರಟ ಆಚಾರ ಬಲು ನಿಷ್ಠುರವಾಗಿತ್ತು. ಕ್ವೇಕರರು ಆಣೆ ಹಾಕರು. ಅವರಿಗಾಗಿ 1696ರಲ್ಲಿ ಪಾರ್ಲಿಮೆಂಟು ಆಣೆಯ ಬದಲು ದೃಢೀಕರಣಕ್ಕೆ ಅವಕಾಶ ಕೊಡಬೇಕಾಯಿತು. ಚರ್ಚಿಗೆ ದಶಾಂಶ ಕೊಡರು, ಆಯುಧ ಹಿಡಿಯರು, ಅಂಗಡಿಯಲ್ಲಿ ಚೌಕಾಸಿ ಮಾಡರು. ಒಂದೇ ಬೆಲೆ ಹೇಳುತ್ತಿದ್ದುದರಿಂದ ಅವರ ಅಂಗಡಿಗೆ ಮಗುವನ್ನು ಕಳಿಸಿದರೂ ಮೋಸವಾಗದು ಎಂಬ ಹೆಸರಿತ್ತು. ಆ ಹೆಸರೇ ಅವರನ್ನು ಸಿರಿವಂತರನ್ನಾಗಿಸಿತು. ಧರ್ಮ ವ್ಯಾಪಾರಕ್ಕೆ ಅಡ್ಡ ಬರುವುದರ ಬದಲು ಬಂಡವಾಳವಾದ ಸಂಗತಿಯಿದು.

ಕಂಪನಿ ನೆಲೆನಿಂತ ಕಡೆಗಳಲ್ಲಿ ಈ ನಿಷ್ಠೆ ಕಣ್ಣಿಗೆ ಕಾಣುವಂತಿತ್ತು. ನೆಂಟ್‌ಹೆಡ್‌ನಲ್ಲಿ ಮನೆಗಳೆದ್ದವು, ಶಾಲೆ, ಓದುವ ಕೋಣೆ ಬಂದವು. ಟೀಸ್‌ಡೇಲ್‌ನ ಮಿಡ್ಲ್‌ಟನ್‌ನಲ್ಲಿ 1830ರ ದಶಕದ ಹೊತ್ತಿಗೆ ಕಾರ್ಮಿಕರಿಗಾಗಿ ಅಚ್ಚುಕಟ್ಟಾದ ಬಡಾವಣೆಯೇ ಎದ್ದಿತು. ಮಕ್ಕಳು ಶಾಲೆಗೆ ಹೋಗಲೇಬೇಕು, ಭಾನುವಾರ ಯಾವುದಾದರೊಂದು ಪ್ರಾರ್ಥನಾಮಂದಿರಕ್ಕೆ ಹೋಗಲೇಬೇಕು ಎಂಬ ಕಟ್ಟಳೆಯಿತ್ತು, ಕ್ವೇಕರರಾಗಬೇಕೆಂಬ ಒತ್ತಾಯವಿರಲಿಲ್ಲ. ಗಣಿಯವರಲ್ಲಿ ಹೆಚ್ಚಿನವರು ಮೆಥಡಿಸ್ಟ್ ಎಂಬ ಇನ್ನೊಂದು ಪಂಥಕ್ಕೇ ಸೇರಿದರು. ಹತ್ತೊಂಬತ್ತನೆಯ ಶತಮಾನ ಸಾಗಿದಂತೆ ಆಡಳಿತದಲ್ಲಿ ಕ್ವೇಕರರ ಸಂಖ್ಯೆ ಇಳಿಯಿತಾದರೂ ರೀತಿನೀತಿ ಬಹುಕಾಲ ಉಳಿಯಿತು.

ಇಷ್ಟೆಲ್ಲ ಏರ್ಪಾಡು ಗಣಿಯ ಸುತ್ತ ಮತ್ತು ಲಂಡನ್ನಿನ ಕಚೇರಿಯ ಸುತ್ತ. ಎರಡರ ನಡುವಿನ ಹಾದಿ ಕಂಪನಿಯದಾಗಿರಲಿಲ್ಲ. ಅದಿರನ್ನು ಕುಲುಮೆಗೆ, ಲೋಹವನ್ನು ಬಂದರಿಗೆ ಒಯ್ಯುವ ಕೆಲಸವನ್ನು ಗುತ್ತಿಗೆಗೆ ಕೊಡಲಾಗುತ್ತಿತ್ತು. ಗುತ್ತಿಗೆ ಹಿಡಿದವರಲ್ಲಿ ಬಹಳಷ್ಟು ಜನ ಬೆಟ್ಟದ ಸಣ್ಣ ರೈತರು. ಹುಲ್ಲುಗಾವಲು ಬಿಟ್ಟರೆ ಹೆಚ್ಚೇನೂ ಬೆಳೆಯದ ನೆಲದಲ್ಲಿ ನಾಲ್ಕಾರು ಕುದುರೆ ಸಾಕಿ, ಬೇಸಿಗೆಯಲ್ಲಿ ಹೇರು ಹೊಡೆದು ಗೇಣಿಗೆ ಬೇಕಾದ ಕಾಸು ಕಂಡುಕೊಳ್ಳುವವರು. ಚಳಿಗಾಲದಲ್ಲಿ ಹಿಮ, ಕೆಸರು; ಹಾದಿ ಮುಚ್ಚಿದರೆ ಸೀಸ ಕುಲುಮೆಯಂಗಳದಲ್ಲೇ ರಾಶಿ ಬೀಳಬೇಕು. ಹಾಗಾಗಿ ಒಣಹವೆಯ ಕೆಲವೇ ತಿಂಗಳುಗಳಲ್ಲಿ ವರ್ಷದ ಸಾಗಣೆಯೆಲ್ಲ ಮುಗಿಯಬೇಕಿತ್ತು. ಕುದುರೆಗಳ ಮೇಲೆ ಬಿದ್ದ ಒತ್ತಡಕ್ಕೆ ಮಾಲೀಕನ ಕ್ರೌರ್ಯಕ್ಕಿಂತ ಈ ಅವಧಿಯೇ ಹೆಚ್ಚು ಕಾರಣ.

ಹೊತ್ತದ್ದು ಗ್ಯಾಲೊವೇ ಎಂಬ ಕುಳ್ಳ, ಗಟ್ಟಿಮುಟ್ಟಾದ ತಳಿ. ಒಂದು ಕುದುರೆಗೆ ಎರಡು ಹಂಡ್ರೆಡ್‌ವೇಟ್, ಅಂದರೆ ಸುಮಾರು 100 ಕಿಲೊ, ಬೆನ್ನಿನ ಎರಡು ಮಗ್ಗುಲಿಗೆ ಸಮವಾಗಿ ಹಂಚಿದ ಹೇರು. ಅದಿರಿನ ಅಳತೆಯೇ ಈ ಬೆನ್ನಿಗೆ ಹೊಂದಿಕೊಂಡಿತ್ತು: ಉತ್ತರದ ಗಣಿಗಳಲ್ಲಿ ಒಂದು ಬಿಂಗ್ ಎಂದರೆ ಎಂಟು ಹಂಡ್ರೆಡ್‌ವೇಟ್, ಸರಿಯಾಗಿ ನಾಲ್ಕು ಕುದುರೆಯ ಹೇರು. ಸಾಲಿನ ಮುಂದಿನ ಕುದುರೆಯ ಕೊರಳಿಗೆ ಗಂಟೆ. ಮಂಜು ಕವಿದ ಬಯಲಿನಲ್ಲಿ ಹಿಂದಿನವಕ್ಕೆ ಅದೇ ದಾರಿ. ಆಲೆಂಡೇಲ್ ಸುತ್ತಲ ಬಯಲಲ್ಲಿ ಹೇರಿನವರ ಹೆಸರು ಹೊತ್ತ ಕ್ಯಾರಿಯರ್ಸ್ ವೇ ಎಂಬ ಹಾದಿ ಈಗಲೂ ಇದೆ.

ಈ ಕುದುರೆಗಳಿಗೆ ಬಾಯಿಕುಕ್ಕೆ ಹಾಕುತ್ತಿದ್ದರು. ಚೀಲದಿಂದ ಉದುರಿದ ಅದಿರಿನ ಪುಡಿ, ಕುಲುಮೆಯ ಹೊಗೆಯಿಂದ ಇಳಿದ ಮಸಿ ಹಾದಿಬದಿಯ ಹುಲ್ಲಿನ ಮೇಲೆ ಕೂತಿರುತ್ತಿತ್ತು. ಅದನ್ನು ಮೇಯ್ದ ದನಕುದುರೆ ಸಾಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಡರ್ಬಿಶೈರ್‌ನ ಗಣಿನಾಡಿನಲ್ಲಿ ಹೀಗೆ ಸೀಸ ಹತ್ತಿದ ನೆಲಕ್ಕೆ, ಅದರಿಂದ ಬರುವ ಕಾಯಿಲೆಗೆ ಬೆಲಂಡ್ ಎಂಬ ಹೆಸರೇ ಇತ್ತು.

ಬೈಬಲ್ ಓದಿಕೊಂಡ ನಾಡಿನಲ್ಲಿ ಈ ಬಾಯಿಕುಕ್ಕೆ ಸುಮ್ಮನೆ ದಾಟಿಹೋಗುವ ವಸ್ತುವಲ್ಲ. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯ ಕಣ ತುಳಿಯುವ ಎತ್ತಿನ ಬಾಯಿ ಕಟ್ಟುವುದನ್ನು ನಿಷೇಧಿಸುತ್ತದೆ. ದುಡಿಯುವ ಪ್ರಾಣಿಗೆ ದುಡಿಮೆಯ ಫಲದಲ್ಲಿ ಪಾಲಿದೆ ಎಂಬುದು ಅದರ ನೇರ ಅರ್ಥ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೆಯ ಅಧ್ಯಾಯದಲ್ಲಿ ಇದೇ ನಿಯಮವನ್ನು ಎತ್ತಿಕೊಂಡು ಬೇರೆ ದಾರಿ ಹಿಡಿದ: ದೇವರ ಕಾಳಜಿ ಎತ್ತುಗಳ ಮೇಲಿನದೇ ಎಂದು ಕೇಳಿ, ಮಾತು ನಮಗಾಗಿ, ಅಂದರೆ ಸುವಾರ್ತೆಗಾಗಿ ದುಡಿಯುವ ಮನುಷ್ಯರಿಗಾಗಿ ಇದೆ ಎಂದ. ಆ ಒಂದು ವ್ಯಾಖ್ಯಾನದ ನೆರಳು ಕ್ರೈಸ್ತ ಚಿಂತನೆಯ ಮೇಲೆ ಶತಮಾನಗಳ ಕಾಲ ಬಿದ್ದಿತ್ತು. ಪ್ರಾಣಿಗೆ ತೋರುವ ದಯೆ ಮನುಷ್ಯನ ಸ್ವಭಾವ ಕೆಡದಿರಲೆಂದು ಮಾತ್ರ ಎಂಬ ವಾದವನ್ನು ಥಾಮಸ್ ಅಕ್ವಿನಾಸ್ ಮಂಡಿಸಿದ್ದ. ಹದಿನೆಂಟನೆಯ ಶತಮಾನದಲ್ಲಿ ತತ್ತ್ವಜ್ಞಾನಿ ಕಾಂಟ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿದ.

ಪೆನೈನ್ ಹಾದಿಯಲ್ಲಿ ಮಾತ್ರ ಈ ಕಟ್ಟಳೆ ತಲೆಕೆಳಗಾಗಿತ್ತು. ಬಾಯಿ ಕಟ್ಟಿದ್ದು ಕುದುರೆಯನ್ನು ಉಳಿಸಲೆಂದೇ. ಅಕ್ಷರಕ್ಕೆ ಅಂಟಿಕೊಂಡವನು ಕುಕ್ಕೆ ಬಿಚ್ಚಿದರೆ ಕುದುರೆ ಸಾಯುತ್ತದೆ. ಹಾಗೆಂದು ಕುಕ್ಕೆ ಕಟ್ಟಿದವನ ಕೆಲಸ ಪೂರ್ತಿ ದಯೆಯೆಂದೂ ಹೇಳುವಂತಿಲ್ಲ. ಹುಲ್ಲಿಗೆ ವಿಷ ಹತ್ತಿಸಿದ್ದು ಅದೇ ವ್ಯಾಪಾರ. ಕುಕ್ಕೆ ಹಾಕಿ ಉಳಿಸಿದ್ದು ಅದೇ ವ್ಯಾಪಾರದ ಬಂಡವಾಳ. ಹಾದಿಬದಿಯ ರೈತನ ಕುರಿಗೆ ಯಾರೂ ಕುಕ್ಕೆ ಹಾಕಲಿಲ್ಲ. ದಯೆ ಎಲ್ಲಿ ನಿಂತು ಲಾಭ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಇಲ್ಲಿ ಆಗದ ಮಾತು. ಹಾಗೆ ಎಳೆಯಲೇಬೇಕೆಂಬ ಹಟ ನೀತಿಶಾಸ್ತ್ರದ ಹಳೆಯ ಚಟ ಎನ್ನಬಹುದು.

ಹೇರಿನ ಬಗ್ಗೆಯೇ ನೇರವಾಗಿ ಮಾತಾಡುವ ಇನ್ನೊಂದು ನಿಯಮ ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿದೆ. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಕುಸಿದು ಬಿದ್ದಿದ್ದನ್ನು ಕಂಡರೆ ಬಿಟ್ಟುಹೋಗಬೇಡ, ಎಬ್ಬಿಸಲು ನೆರವಾಗು ಎಂಬುದು ಅದರ ಸಾರ. ಪ್ರಾಣಿಯ ನೋವನ್ನು ತಪ್ಪಿಸುವ ಕರ್ತವ್ಯದ ಚರ್ಚೆಯನ್ನು ಯಹೂದಿ ಪಂಡಿತರು ಬೆಳೆಸಿದ್ದು ಈ ಮಾತಿನ ಸುತ್ತ. ಇಲ್ಲಿ ಗಮನಿಸಬೇಕಾದ್ದು ದಾರಿಹೋಕನ ಸ್ಥಾನ. ಕತ್ತೆ ಅವನದಲ್ಲ, ಹೊರೆ ಅವನು ಹೊರಿಸಿದ್ದಲ್ಲ, ಒಡೆಯ ಅವನಿಗೆ ಆಗದವನು. ಗುತ್ತಿಗೆಯೂ ಇಲ್ಲ, ಸಂಬಂಧವೂ ಇಲ್ಲ. ಕಂಡದ್ದೇ ಹೊಣೆಗೆ ಆಧಾರ. ಲಂಡನ್ನಿನ ಕಚೇರಿಯಲ್ಲಿ ಕೂತ ನಿರ್ದೇಶಕನಿಗೆ ಈ ಅಳತೆಗೋಲು ಅನುಕೂಲವೂ ಹೌದು, ಅಪಾಯವೂ ಹೌದು. ಅವನು ಕುಸಿದ ಕುದುರೆಯನ್ನು ಕಂಡವನಲ್ಲ. ಆದರೆ ಕಾಣದಿರುವಂಥ ಏರ್ಪಾಡನ್ನು ಮಾಡಿಕೊಂಡವನು ಅವನೇ.

ಅಂತಃಸಾಕ್ಷಿಯ ತತ್ತ್ವ ಬರೆದವನೊಬ್ಬ ಸೀಸದ ನಾಡಿನಲ್ಲೇ ಪಾದ್ರಿಯಾಗಿದ್ದ. ಜೋಸೆಫ್ ಬಟ್ಲರ್ 1725ರಲ್ಲಿ ವಿಯರ್‌ಡೇಲ್‌ನ ಸ್ಟಾನ್‌ಹೋಪ್‌ಗೆ ಪಾದ್ರಿಯಾಗಿ ನೇಮಕಗೊಂಡ. ಮರುವರ್ಷ ಪ್ರಕಟವಾದ ಅವನ ಹದಿನೈದು ಪ್ರವಚನಗಳ ಪುಸ್ತಕ ಇಂಗ್ಲಿಷ್ ನೀತಿಶಾಸ್ತ್ರದ ಮೇರುಕೃತಿಗಳಲ್ಲಿ ಒಂದು. ಮನುಷ್ಯನೊಳಗೆ ಹಸಿವು, ಆಸೆ, ಸ್ವಹಿತ, ಪರಹಿತ ಎಲ್ಲವೂ ಇವೆ; ಅವೆಲ್ಲದರ ಮೇಲೆ ತೀರ್ಪು ಹೇಳುವ ಅಧಿಕಾರ ಅಂತಃಸಾಕ್ಷಿಗಿದೆ; ಅದರ ಬಲ ಕಮ್ಮಿಯಿದ್ದರೂ ಅಧಿಕಾರ ಕಮ್ಮಿಯಾಗುವುದಿಲ್ಲ ಎಂಬುದು ಅಲ್ಲಿನ ವಾದ. 1736ರ ಅವನ ದೊಡ್ಡ ಗ್ರಂಥ, ಧರ್ಮವನ್ನು ನಿಸರ್ಗದ ನಡೆಗೆ ಹೋಲಿಸಿ ಸಮರ್ಥಿಸುವ ‘ಅನಾಲಜಿ’, ಪ್ರಾಣಿಗಳಿಗೂ ಮರಣೋತ್ತರ ಬದುಕಿರುವ ಸಾಧ್ಯತೆಯನ್ನು ತಳ್ಳಿಹಾಕುವುದಿಲ್ಲ; ಅಂಥ ಆಕ್ಷೇಪಣೆಯಿಂದ ತನ್ನ ವಾದಕ್ಕೆ ಧಕ್ಕೆಯಿಲ್ಲ ಎನ್ನುತ್ತದೆ.

ಸ್ಟಾನ್‌ಹೋಪ್ ಇಂಗ್ಲೆಂಡಿನಲ್ಲೇ ಅತಿ ಶ್ರೀಮಂತ ಪಾದ್ರಿಪದವಿಗಳಲ್ಲಿ ಒಂದಾಗಿತ್ತು. ಕಾರಣ ಸೀಸ: ಕಣಿವೆಯ ಅದಿರಿನ ಹತ್ತನೆಯ ಒಂದು ಪಾಲು ಪಾದ್ರಿಗೆ ಸಲ್ಲಬೇಕಿತ್ತು. ಬಟ್ಲರ್ ನಿಶ್ಚಿಂತೆಯಿಂದ ಬರೆದದ್ದು ಆ ಆದಾಯದ ಮೇಲೆ. ಹೊರಲೋಕದಿಂದ ಎಷ್ಟು ದೂರವಿದ್ದನೆಂದರೆ, ಬಟ್ಲರ್ ಸತ್ತುಹೋದನೇ ಎಂದು ರಾಣಿ ಕ್ಯಾರೊಲಿನ್ ವಿಚಾರಿಸಿದಾಗ, ಸತ್ತಿಲ್ಲ, ಹೂತುಹೋಗಿದ್ದಾನೆ ಎಂಬ ಉತ್ತರ ಬಂತೆಂಬ ಕತೆಯಿದೆ. ಊರಿನವರಿಗೆ ಮಾತ್ರ ಅವನು ಕಪ್ಪು ಕುದುರೆಮರಿಯಂಥ ಪೋನಿ ಏರಿ ಜೋರಾಗಿ ಓಡಿಸುತ್ತಿದ್ದ ಪಾದ್ರಿ. 1750ರಲ್ಲಿ ಅವನು ಡರ್ಹಮ್‌ನ ಬಿಷಪ್ ಆದ; ವಿಯರ್‌ಡೇಲ್‌ನ ಖನಿಜದ ಒಡೆತನವೇ ಆ ಪೀಠದ್ದು. ಇದನ್ನು ಬೂಟಾಟಿಕೆ ಎನ್ನಲು ಆಧಾರವಿಲ್ಲ. ಬಟ್ಲರ್ ಕೈಬಿಚ್ಚಿ ದಾನ ಮಾಡಿದ ಮನುಷ್ಯ. ತೊಡಕಿರುವುದು ಅವನ ತತ್ತ್ವದಲ್ಲಿ. ಅವನ ಅಂತಃಸಾಕ್ಷಿ ತೀರ್ಪು ಹೇಳುವುದು ಒಬ್ಬನ ಸ್ವಂತ ಕ್ರಿಯೆ ಮತ್ತು ಉದ್ದೇಶದ ಮೇಲೆ. ಹತ್ತು ಜನರ ಕ್ರಿಯೆ ಕೂಡಿ ಆದ ಕೆಡುಕಿನಲ್ಲಿ ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸ ಸರಿಯಾಗಿಯೇ ಮಾಡಿದ್ದರೆ ಆ ನ್ಯಾಯಾಲಯದ ಮುಂದೆ ನಿಲ್ಲಿಸಲು ಆರೋಪಿಯೇ ಸಿಗುವುದಿಲ್ಲ.

ಸೀಸದ ಕೆಡುಕು ಗೊತ್ತಿರಲಿಲ್ಲ ಎಂಬ ಸಮಜಾಯಿಷಿಯೂ ಇಲ್ಲಿ ನಿಲ್ಲದು. ಮೆಥಡಿಸಂ ಕಟ್ಟಿದ ಜಾನ್ ವೆಸ್ಲಿ ಈ ಕಣಿವೆಗಳಲ್ಲಿ ಓಡಾಡಿ ಬೋಧಿಸಿದವನು. 1760ರಲ್ಲಿ ಪ್ರಕಟವಾದ ಹಣದ ಬಳಕೆ ಕುರಿತ ಅವನ ಪ್ರವಚನ, ಸಾಧ್ಯವಾದಷ್ಟು ಗಳಿಸಿ ಎಂದು ಹೇಳುತ್ತಲೇ ಮಿತಿ ಹಾಕುತ್ತದೆ: ದೇಹ ಕೆಡಿಸುವ ಕಸುಬು ಬೇಡ. ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಕರಗುವ ಸೀಸದ ಆವಿ ಬೆರೆತ ಗಾಳಿ ಕುಡಿಯುವ ಕೆಲಸವೂ ಒಂದು. ಆ ಕೆಲಸ ಬಿಟ್ಟರೆ ಗತಿಯಿಲ್ಲದವರೇ ಅವನ ಅನುಯಾಯಿಗಳಾಗಿದ್ದರು. ಅವರೇನು ಮಾಡಬೇಕು ಎಂಬುದಕ್ಕೆ ಪ್ರವಚನದಲ್ಲಿ ಉತ್ತರವಿಲ್ಲ. 1781ರಲ್ಲಿ ಅವನು ಪ್ರಾಣಿಗಳ ಬಿಡುಗಡೆಯ ಬಗ್ಗೆಯೇ ಒಂದು ಪ್ರವಚನ ಬರೆದ. ಮನುಷ್ಯನ ಪತನದಿಂದ ನರಳುವ ಪ್ರಾಣಿಗಳಿಗೆ ಕೊನೆಗೆ ಪರಿಹಾರ ಸಿಗುತ್ತದೆ ಎಂಬ ನಂಬಿಕೆ ಅಲ್ಲಿದೆ. ಹೇರುಗುದುರೆಯ ಮಟ್ಟಿಗೆ ಅದು ಪರಲೋಕದ ಭರವಸೆ. ಇಹದ ಹೇರು ತಗ್ಗಿಸುವ ಮಾತಲ್ಲ.

ಹಾದಿಯನ್ನೇ ಪ್ರಶ್ನೆಯಾಗಿಸಿದವನು ಜಾನ್ ವುಲ್ಮನ್. 1720ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಈ ಕ್ವೇಕರ್ ದರ್ಜಿ, ಅಂಗಡಿ ಚೆನ್ನಾಗಿ ನಡೆಯತೊಡಗಿದ್ದೇ ಮನಸ್ಸಿಗೆ ಭಾರವೆಂದು ವ್ಯಾಪಾರ ಕಿರಿದಾಗಿಸಿಕೊಂಡವನು; ಗುಲಾಮಗಿರಿ ತೊರೆಯುವಂತೆ ಕ್ವೇಕರರನ್ನು ಮನೆಮನೆಗೆ ಹೋಗಿ ಕೇಳಿದವನು. 1772ರ ಜೂನ್‌ನಲ್ಲಿ ಇಂಗ್ಲೆಂಡಿಗೆ ಬಂದಾಗ ಸ್ಟೇಜ್‌ಕೋಚ್ ಹತ್ತಲು ಒಪ್ಪಲಿಲ್ಲ. ದಿನಕ್ಕೆ ನೂರು ಮೈಲಿ ಓಡುವ ಆ ಗಾಡಿಗಳಲ್ಲಿ ಕುದುರೆಗಳು ಓಟದಿಂದಲೇ ಸಾಯುತ್ತವೆ, ಚಳಿಗಾಲದ ರಾತ್ರಿಗಳಲ್ಲಿ ಅಂಚೆಹುಡುಗರು ಹೆಪ್ಪುಗಟ್ಟಿ ಪ್ರಾಣ ಬಿಡುತ್ತಾರೆ ಎಂದು ಅವನಿಗೆ ತಿಳಿದಿತ್ತು. ಲಂಡನ್ನಿನಿಂದ ಉತ್ತರಕ್ಕೆ, ವೆಸ್ಟ್‌ಮೋರ್‌ಲ್ಯಾಂಡ್ ಮತ್ತು ಯಾರ್ಕ್‌ಶೈರ್‌ನ ಕಣಿವೆಗಳವರೆಗೆ ನಡೆದೇ ಹೋದ; ಅಂಚೆಯಲ್ಲಿ ತನಗೆ ಕಾಗದ ಕಳಿಸಬೇಡಿ ಎಂದು ಸ್ನೇಹಿತರಿಗೆ ಹೇಳಿದ. ಅದೇ ಅಕ್ಟೋಬರ್ 7ರಂದು ಯಾರ್ಕ್‌ನಲ್ಲಿ ಸಿಡುಬಿನಿಂದ ತೀರಿಕೊಂಡ.

ವುಲ್ಮನ್‌ನ ನಡೆ ಆಗಿನವರಿಗೇ ವಿಚಿತ್ರವಾಗಿ ಕಂಡಿತ್ತು. ಬಣ್ಣ ಹಾಕದ ಬಟ್ಟೆ ಬೇರೆ. ಆದರೆ ಅವನ ತರ್ಕದಲ್ಲಿ ಸಡಿಲವಿಲ್ಲ. ಕುದುರೆಗೆ ಹೊಡೆಯುವವನು ಸಾರಥಿ. ಸಾರಥಿಗೆ ಅವಸರ ಹಚ್ಚಿದ್ದು ಗಾಡಿಯ ಒಡೆಯ. ಒಡೆಯನಿಗೆ ಅವಸರ ಹಚ್ಚಿದ್ದು ಬೇಗ ತಲುಪಬೇಕೆಂಬ ಪ್ರಯಾಣಿಕ. ಟಿಕೆಟ್ ಕೊಂಡವನು ಚಾಟಿಯನ್ನು ಕೈಯಲ್ಲಿ ಹಿಡಿಯದಿದ್ದರೂ ಚಾಟಿಗೆ ಬೇಡಿಕೆ ಹುಟ್ಟಿಸಿದವನು. ಹೊಣೆಯನ್ನು ಗುತ್ತಿಗೆಯ ಗಡಿಯಲ್ಲಿ ನಿಲ್ಲಿಸದೆ ಬೇಡಿಕೆಯ ಜಾಡು ಹಿಡಿದು ಹಿಂದಕ್ಕೆ ಒಯ್ದ ಈ ಕ್ರಮವನ್ನು ಸೀಸಕ್ಕೆ ಅನ್ವಯಿಸಿದರೆ, ಒಣಹವೆಯ ತಿಂಗಳುಗಳೊಳಗೆ ಸರಕು ಬಂದರು ತಲುಪಲೇಬೇಕೆಂದು ಗುತ್ತಿಗೆ ಬರೆಸಿದವನೂ, ಅದೇ ಅವಧಿಯಲ್ಲಿ ಬೇಕೆಂದು ಹಣ ಕಟ್ಟಿದ ವ್ಯಾಪಾರಿಯೂ ಹೇರಿನ ಪಾಲುದಾರರು. ಅವನ ಪಂಥದವರೇ ನಡೆಸುತ್ತಿದ್ದ ಸೀಸದ ವ್ಯಾಪಾರಕ್ಕೆ ಇದಕ್ಕಿಂತ ಕಟುವಾದ ವಿಮರ್ಶೆ ಸಿಗಲಾರದು.

ತರ್ಕವನ್ನು ಇಷ್ಟು ದೂರ ಎಳೆದರೆ ಎಲ್ಲಿ ನಿಲ್ಲಿಸಬೇಕು ಎಂಬ ಮರುಪ್ರಶ್ನೆ ಏಳುವುದು ಸಹಜ. ಅದನ್ನು ಎತ್ತಿದವನೂ ಕ್ವೇಕರನೇ. ಬರ್ಮಿಂಗ್‌ಹ್ಯಾಮ್‌ನ ಸ್ಯಾಮ್ಯುಯೆಲ್ ಗಾಲ್ಟನ್ ಬಂದೂಕು ತಯಾರಕ. ವಿಜ್ಞಾನಾಸಕ್ತರ ಲೂನಾರ್ ಸೊಸೈಟಿಯ ಸದಸ್ಯ. 1661ರಿಂದಲೂ ಯುದ್ಧವನ್ನು ಧಿಕ್ಕರಿಸಿ ಸಾರುತ್ತ ಬಂದ ಪಂಥದಲ್ಲಿ ಅವನ ಮನೆತನ ದಶಕಗಳ ಕಾಲ ಯಾವ ಅಡ್ಡಿಯೂ ಇಲ್ಲದೆ ಬಂದೂಕು ಮಾಡಿತ್ತು. ಫ್ರಾನ್ಸಿನೊಂದಿಗೆ ಯುದ್ಧ ನಡೆಯುತ್ತಿದ್ದ 1795ರಲ್ಲಿ ಸ್ಥಳೀಯ ಸಭೆ ಅವನನ್ನು ಪ್ರಶ್ನಿಸಿತು. ಅವನು ಕೊಟ್ಟ ಉತ್ತರ ಸಾರಾಂಶದಲ್ಲಿ ಹೀಗಿದೆ: ಕಸುಬು ತನಗೆ ಪಿತ್ರಾರ್ಜಿತ, ತಯಾರಿಸುವುದೆಂದರೆ ಯುದ್ಧವನ್ನು ಒಪ್ಪಿದಂತಲ್ಲ, ಬಂದೂಕಿಗೆ ರಕ್ಷಣೆಯ ಬಳಕೆಯೂ ಉಂಟು. ಕೊನೆಯ ಏಟು ಸಭೆಯವರಿಗೇ: ಯುದ್ಧಕ್ಕೆ ಹೋಗುವ ತೆರಿಗೆಯನ್ನು ನೀವೂ ಕಟ್ಟುತ್ತೀರಿ, ಗುಲಾಮರು ಬೆಳೆದ ಸಕ್ಕರೆ, ಹತ್ತಿ, ಹೊಗೆಸೊಪ್ಪನ್ನು ನೀವೂ ಬಳಸುತ್ತೀರಿ, ಸರಪಣಿಯ ಒಂದು ಕೊಂಡಿಯನ್ನು ಮಾತ್ರ ಹಿಡಿದು ದೂರುವುದು ಯಾವ ನ್ಯಾಯ? 1796ರಲ್ಲಿ ಸಭೆ ಅವನನ್ನು ಹೊರಗಿಟ್ಟಿತು.

ಗಾಲ್ಟನ್ ತನ್ನ ಲಾಭಕ್ಕಾಗಿ ವಾದಿಸಿದವನು, ಸರಿ. ವಾದ ಅದರಿಂದ ಸುಳ್ಳಾಗುವುದಿಲ್ಲ. ಬಂದೂಕಿನೊಳಗೆ ತುಂಬುವ ಗುಂಡು ಸೀಸದ್ದೇ. ಕರಗಿದ ಸೀಸವನ್ನು ಎತ್ತರದಿಂದ ಬೀಳಿಸಿ ಛರ್ರೆ ಮಾಡುವ ವಿಧಾನಕ್ಕೆ ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ 1782ರಲ್ಲಿ ಪೇಟೆಂಟ್ ಪಡೆದ. ಆ ದಶಕ ಕಳೆದು ಇನ್ನೊಂದು ಮುಗಿಯುವಷ್ಟರಲ್ಲಿ ನ್ಯೂಕಾಸಲ್‌ನ ಎಲ್ಸ್‌ವಿಕ್‌ನಲ್ಲೂ ಅಂಥ ಗೋಪುರ ಎದ್ದಿತ್ತು. ಸೀಸ ವ್ಯಾಪಾರಿಯ ಪರವಾಗಿ ಹೇಳಬಹುದಾದ್ದು ಒಂದೇ: ಬಂದೂಕಿಗೆ ಇರುವುದು ಒಂದೆರಡು ಬಳಕೆ, ಸೀಸಕ್ಕೆ ಹತ್ತಾರು. ಕೊಳವೆ, ಮಾಡಿನ ಹಾಳೆ, ಬಣ್ಣ, ಕಿಟಕಿಯ ಗಾಜಿನ ಪಟ್ಟಿ, ಇವುಗಳ ನಡುವೆ ಗುಂಡೂ ಒಂದು. ಗಟ್ಟಿಯ ಮೇಲೆ ಅದರ ಮುಂದಿನ ಹಣೆಬರಹ ಬರೆದಿರುವುದಿಲ್ಲ.

ಕ್ಯಾಥೊಲಿಕ್ ನೀತಿಶಾಸ್ತ್ರ ಇಂಥ ಸಂದರ್ಭಕ್ಕೆಂದೇ ಸಲಕರಣೆ ಸಿದ್ಧಪಡಿಸಿಕೊಂಡಿತ್ತು. ಹದಿನೆಂಟನೆಯ ಶತಮಾನದ ಇಟಲಿಯ ಅಲ್ಫೋನ್ಸಸ್ ಲಿಗೋರಿ ಕೆಡುಕಿಗೆ ಕೊಡುವ ನೆರವನ್ನು ಎರಡಾಗಿ ವಿಂಗಡಿಸಿದ: ಕೆಡುಕಿನ ಉದ್ದೇಶವನ್ನೇ ತನ್ನದಾಗಿಸಿಕೊಂಡು ಕೊಡುವ ನೆರವು ಯಾವಾಗಲೂ ಪಾಪ, ಉದ್ದೇಶದಲ್ಲಿ ಪಾಲಿಲ್ಲದೆ ಬರೀ ಕೆಲಸದಲ್ಲಿ ಆಗುವ ನೆರವು ತಕ್ಕ ಕಾರಣವಿದ್ದರೆ ಕ್ಷಮ್ಯ. ಅದರಲ್ಲೂ ನೆರವು ಕೆಡುಕಿಗೆ ಎಷ್ಟು ಹತ್ತಿರ, ಎಷ್ಟು ಅನಿವಾರ್ಯ ಎಂದು ತೂಗಬೇಕು. ಈ ತಕ್ಕಡಿಯಲ್ಲಿ ಗಾಲ್ಟನ್ ಕೆಳಗಿಳಿಯುತ್ತಾನೆ, ಹೇರಿನ ರೈತ ಪಾರಾಗುತ್ತಾನೆ, ಕಂಪನಿ ನಡುವೆ ತೂಗಾಡುತ್ತದೆ. ಒಳಬೆಳಕನ್ನು ನಂಬಿದ ಕ್ವೇಕರರಿಗೆ ಇಂಥ ವಿಂಗಡಣೆ ನುಣುಚಿಕೊಳ್ಳುವ ಜಾಣತನವಾಗಿ ಕಾಣುತ್ತಿತ್ತು. ಆದರೆ ಹಾಗೊಂದು ತಕ್ಕಡಿ ಇಲ್ಲದ್ದರಿಂದಲೇ ಅವರು ಒಬ್ಬನನ್ನು ಹೊರಗಿಟ್ಟು ಉಳಿದವರ ಬಗ್ಗೆ ಸುಮ್ಮನಿರಬೇಕಾಯಿತು.

ಹೇರು ಮತ್ತು ಹೊಣೆಯ ಪ್ರಶ್ನೆಯನ್ನು ಇವರೆಲ್ಲರಿಗಿಂತ ಬಹಳ ಹಿಂದೆಯೇ ಹೆಸರಿಟ್ಟು ಗುರುತಿಸಿದ್ದು ಜೈನ ಶ್ರಾವಕಾಚಾರ, ಅಂದರೆ ಗೃಹಸ್ಥರ ಆಚಾರಸಂಹಿತೆ. ಕರ್ನಾಟಕದ ದಿಗಂಬರ ಜೈನರು ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದು ಅಧ್ಯಾಯದಂತೆ ಓದುವ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತದ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಗಲುವ ದೋಷಗಳನ್ನು, ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯ ಎರಡು, ಮಿತಿಮೀರಿ ಹೇರುವುದು ಮತ್ತು ಮೇವುನೀರು ತಡೆಯುವುದು, ಪೆನೈನ್ ಹಾದಿಯ ಎರಡು ಸಂಗತಿಗಳೇ. ಇಲ್ಲಿನ ಹಿಂಸೆಯ ಲಕ್ಷಣದಲ್ಲಿ ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ, ಮುಖ್ಯ ಸ್ಥಾನ. ಆ ಪ್ರಕಾರ ವಿಷದ ಹುಲ್ಲು ತಪ್ಪಿಸಲು ಹಾಕಿದ ಬಾಯಿಕುಕ್ಕೆ ದೋಷವಾಗದು. ದಿನದ ಕೊನೆಗೆ ಅದನ್ನು ಬಿಚ್ಚಿ ಮೇವಿಡಲು ಮರೆತರೆ ದೋಷ.

ಶ್ವೇತಾಂಬರ ಪರಂಪರೆಯಲ್ಲಿ ಹೆಚ್ಚು ಪ್ರಚಾರದಲ್ಲಿರುವ ಹದಿನೈದು ಕರ್ಮಾದಾನಗಳ ಪಟ್ಟಿ, ಅಂದರೆ ಗೃಹಸ್ಥ ಬಿಡಬೇಕಾದ ಜೀವನೋಪಾಯಗಳು, ಇನ್ನೂ ಮುಂದೆ ಹೋಗುತ್ತದೆ. ನೆಲ ಅಗೆದು ಒಡೆಯುವುದು, ಗಾಡಿಯ ಕಸುಬು, ಬಾಡಿಗೆ ಸಾಗಣೆ, ವಿಷದ ವ್ಯಾಪಾರ, ಎಲ್ಲವೂ ಅದರಲ್ಲಿ ಬೇರೆಬೇರೆಯಾಗಿಯೇ ಇವೆ. ಸೀಸದ ವ್ಯವಹಾರ ಒಂದೇ ಏಟಿಗೆ ನಾಲ್ಕು ಬಾಗಿಲು ಬಡಿಯುತ್ತದೆ. ಬಾಡಿಗೆ ಸಾಗಣೆಯನ್ನು ಪ್ರತ್ಯೇಕವಾಗಿ ಹೆಸರಿಸಿದ್ದು ಬಲು ಸೂಕ್ಷ್ಮದ ಮಾತು: ಸರಕು ತನ್ನದಲ್ಲ, ತಾನು ಬರೀ ಸಾಗಿಸುವವ ಎಂಬ ನೆಪಕ್ಕೆ ಅಲ್ಲಿ ಎಡೆಯಿಲ್ಲ. ಆದರೂ ಈ ಮಾರ್ಗಕ್ಕೆ ತನ್ನದೇ ಮಿತಿಯುಂಟು. ವ್ರತಿ ಕಸುಬು ಬಿಟ್ಟರೆ ಅವನು ಪಾಪದಿಂದ ಪಾರಾದಾನು. ಎತ್ತು ಇನ್ನೊಬ್ಬನ ನೊಗಕ್ಕೆ ಹೋಗುತ್ತದೆ, ಅಷ್ಟೆ. ತನ್ನನ್ನು ಶುದ್ಧವಾಗಿಟ್ಟುಕೊಳ್ಳುವುದು ಮತ್ತು ಲೋಕದ ನೋವು ತಗ್ಗಿಸುವುದು ಎರಡೂ ಒಂದೇ ಕರ್ತವ್ಯವಲ್ಲ. ವುಲ್ಮನ್ ಕಾಲ್ನಡಿಗೆಗೂ ಇದೇ ಮಾತು ಅನ್ವಯಿಸುತ್ತದೆ. ಅವನು ಹತ್ತದ ಗಾಡಿ ಹೇಗೂ ಹೊರಟೇ ಹೋಯಿತು.

ಪೆನೈನ್ ಕುದುರೆಗಳ ಬೆನ್ನು ಹಗುರಾದದ್ದು ಧರ್ಮಚರ್ಚೆಯಿಂದಲ್ಲ, ಜಲ್ಲಿಯಿಂದ. 1820ರ ದಶಕದಲ್ಲಿ ರಸ್ತೆ ತಜ್ಞ ಜಾನ್ ಲೌಡನ್ ಮೆಕಾಡಮ್ ಆಲ್‌ಸ್ಟನ್ ಸುತ್ತಲ ದಾರಿಗಳನ್ನು ಸಮೀಕ್ಷಿಸಿದ. ಆ ಭೂಮಿಯ ಒಡೆತನ ಹೊಂದಿದ್ದ ಗ್ರೀನಿಚ್ ಹಾಸ್ಪಿಟಲ್ ಎಂಬ ನಾವಿಕರ ಧರ್ಮಸಂಸ್ಥೆಯೂ ಕಂಪನಿಯೂ ಹಣ ಹಾಕಿದವು. ಸುಂಕದ ಕಟ್ಟೆಗಳಿರುವ ಹೊಸ ರಸ್ತೆಗಳು ಬಂದವು. ಬೆನ್ನ ಮೇಲೆ ಎರಡು ಹಂಡ್ರೆಡ್‌ವೇಟ್ ಹೊರುತ್ತಿದ್ದ ಕುದುರೆ ಗಟ್ಟಿ ರಸ್ತೆಯಲ್ಲಿ ಗಾಡಿಗೆ ಕಟ್ಟಿದಾಗ ಅದರ ಹಲವು ಪಟ್ಟು ಎಳೆಯಿತು. ಆಲ್‌ಸ್ಟನ್‌ಗೆ ರೈಲು ಬಂದದ್ದು 1852ರಲ್ಲಿ. ರಸ್ತೆಗೆ ಹಣ ಹಾಕಿದವರ ಕಣ್ಣಿದ್ದದ್ದು ಸಾಗಣೆಯ ಖರ್ಚಿನ ಮೇಲೆ. ಕುದುರೆಗೆ ಸಿಕ್ಕಿದ್ದು ಅದರ ಉಪಫಲ. ಉದ್ದೇಶವೇ ಕ್ರಿಯೆಯ ಬೆಲೆ ನಿರ್ಧರಿಸುತ್ತದೆ ಎನ್ನುವವರಿಗೆ ಇದು ನೀತಿಯ ಇತಿಹಾಸದಲ್ಲಿ ಲೆಕ್ಕಕ್ಕಿಲ್ಲ. ಕುದುರೆಯ ಲೆಕ್ಕ ಬೇರೆ ಇದ್ದೀತು.

ಅದೇ ಹೊತ್ತಿಗೆ ಕಾನೂನೂ ಮಾತಾಡಿತು. ಐರ್ಲೆಂಡಿನ ರಿಚರ್ಡ್ ಮಾರ್ಟಿನ್ ಹಟ ಹಿಡಿದು ಪಾರ್ಲಿಮೆಂಟಿನಲ್ಲಿ ಪಾಸು ಮಾಡಿಸಿದ 1822ರ ಕಾಯಿದೆ ಕುದುರೆ, ದನ, ಕತ್ತೆ, ಕುರಿ ಮುಂತಾದವನ್ನು ಕ್ರೂರವಾಗಿ ನಡೆಸಿಕೊಂಡವರಿಗೆ ಹತ್ತು ಶಿಲಿಂಗ್‌ನಿಂದ ಐದು ಪೌಂಡ್‌ವರೆಗೆ ದಂಡ ಗೊತ್ತುಮಾಡಿತು. ಎರಡು ವರ್ಷದ ನಂತರ ಪ್ರಾಣಿದಯಾ ಸಂಘ ಹುಟ್ಟಿತು. ಪ್ರಾಣಿಗೆ ಸ್ವತಃ ರಕ್ಷಣೆ ಸಲ್ಲಬೇಕೆಂದು ಒಪ್ಪಿದ ಹೆಜ್ಜೆಯಾಗಿ ಅದು ದೊಡ್ಡದು. ಆದರೆ ಅದರ ಬಲೆಗೆ ಬಿದ್ದದ್ದು ಚಾಟಿ ಹಿಡಿದ ಕೈ, ಅಂದರೆ ಬಹುಪಾಲು ಬಡ ಗಾಡಿಯಾಳು. ಅವಧಿ ನಿಗದಿ ಮಾಡಿದವನು, ಬಾಡಿಗೆ ಹಿಸುಕಿದವನು ಅದರ ವ್ಯಾಪ್ತಿಗೆ ಬರಲಿಲ್ಲ. ವುಲ್ಮನ್ ಹಿಂದಕ್ಕೆ ಎಳೆದಿದ್ದ ಜಾಡನ್ನು ಕಾನೂನು ಮತ್ತೆ ಮೊದಲ ಕೊಂಡಿಯಲ್ಲೇ ಕತ್ತರಿಸಿತು.

ಸೀಸದ ಬೆಲೆ ಕುಸಿದು ಗಣಿಗಳು ಒಂದೊಂದಾಗಿ ನಿಂತವು. ಲಂಡನ್ ಲೆಡ್ ಕಂಪನಿ 1905ರಲ್ಲಿ ಮುಚ್ಚಿತು. ಹುಲ್ಲಿಗೆ ಹತ್ತಿದ ಲೋಹ ಹೋಗಲಿಲ್ಲ. ನೆಂಟ್ ಮತ್ತು ಸೌತ್ ಟೈನ್ ಹೊಳೆಗಳ ದಂಡೆಯ ಮರಳಿನಲ್ಲಿ ಸೀಸ, ಸತುವು ಈಗಲೂ ಇವೆ. ಬೇರೆ ಗಿಡ ಬದುಕದ ಅಂಥ ನೆಲದಲ್ಲಿ ಲೋಹ ತಾಳಿಕೊಳ್ಳಬಲ್ಲ ಕೆಲವೇ ಸಸ್ಯಗಳು ಬೆಳೆಯುತ್ತವೆ. ಹೊಣೆಯ ಪ್ರಶ್ನೆಗೆ ಇಲ್ಲಿ ಇನ್ನೊಂದು ಆಯಾಮ ಸೇರುತ್ತದೆ: ಕೆಡುಕು ಮಾಡಿದವರೂ ಇಲ್ಲ, ಅವರೊಂದಿಗೆ ಗುತ್ತಿಗೆ ಮಾಡಿಕೊಂಡವರೂ ಇಲ್ಲ; ಅನುಭವಿಸುವವರು ಆಗ ಹುಟ್ಟಿರಲೇ ಇಲ್ಲ. ಇದಕ್ಕೆ ಇಂಗ್ಲೆಂಡಿನ ಶಾಸನ ಕೊಟ್ಟ ಉತ್ತರ ದಿನಾಂಕದ ರೂಪದಲ್ಲಿದೆ. 1999ರ ಕೊನೆಯೊಳಗೆ ಕೈಬಿಟ್ಟ ಗಣಿಯಾದರೆ, ಅದರಿಂದ ಮಲಿನ ನೀರು ಹೊಳೆಗೆ ಹರಿಯಲು ಬಿಟ್ಟ ಅಪರಾಧ ಮಾಲೀಕನ ಮೇಲೆ ಬರುವುದಿಲ್ಲ. ಶುದ್ಧೀಕರಣದ ವೆಚ್ಚ ಸಾರ್ವಜನಿಕ ಬೊಕ್ಕಸದ್ದು.